ನೂರಾರು ಸಂಬಂಧಗಳನ್ನು ಒಂದೇ ಸಲ ಮಾದರಿಗೆ ಸೇರಿಸುವ ಕ್ರಮ: ಆರ್ಕಿ ತಂತ್ರಾಂಶ ಮತ್ತು ಸ್ಪ್ರೆಡ್‌ಶೀಟ್

ಒಂದು ಸಂಸ್ಥೆಯ ಕೆಲಸಗಳು, ಆ ಕೆಲಸಗಳನ್ನು ನಡೆಸಿಕೊಡುವ ತಂತ್ರಾಂಶಗಳು, ಆ ತಂತ್ರಾಂಶಗಳು ಕೂತಿರುವ ಸರ್ವರ್‌ಗಳು ಇವನ್ನೆಲ್ಲ ಒಂದು ಮಾದರಿಯಾಗಿ ಕಟ್ಟಲು ಹೊರಟವರಿಗೆ ಘಟಕಗಳನ್ನು ಪಟ್ಟಿ ಮಾಡುವುದು ಅಷ್ಟೇನೂ ಕಷ್ಟವಾಗುವುದಿಲ್ಲ. ಐವತ್ತು ತಂತ್ರಾಂಶಗಳಿದ್ದರೆ ಐವತ್ತು ಹೆಸರು ಬರೆದರೆ ಮುಗಿಯಿತು. ಕಷ್ಟ ಎದುರಾಗುವುದು ಅವುಗಳ ನಡುವಿನ ಸಂಬಂಧಗಳಲ್ಲಿ. ಐವತ್ತು ತಂತ್ರಾಂಶಗಳು ಎಂಬತ್ತು ಕೆಲಸಗಳಿಗೆ ಒದಗುತ್ತಿದ್ದರೆ ಅವುಗಳ ನಡುವಿನ ಗೆರೆಗಳು ಮುನ್ನೂರೋ ನಾನೂರೋ ಆಗುತ್ತವೆ, ಮತ್ತು ಒಂದೊಂದು ಗೆರೆಯನ್ನೂ ಮೌಸ್ ಹಿಡಿದು ಎಳೆಯುತ್ತ ಕೂತರೆ ದಿನಗಳು ಕಳೆದುಹೋಗುವುದಷ್ಟೇ ಅಲ್ಲ, ಎಲ್ಲೋ ನೂರಾ ಇಪ್ಪತ್ತನೆಯ ಗೆರೆಯ ಹೊತ್ತಿಗೆ ಕಣ್ಣು ಸೋತು ತಪ್ಪು ಚೌಕಕ್ಕೆ ಗೆರೆ ಸೇರಿರುತ್ತದೆ. ಅಂಥ ಕೆಲಸವನ್ನು ಸ್ಪ್ರೆಡ್‌ಶೀಟಿನಲ್ಲಿ ಸಿದ್ಧಪಡಿಸಿ ಒಂದೇ ಬಾರಿಗೆ ಮಾದರಿಯೊಳಗೆ ತರುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ವಿವರಣೆಗೆ ಆರ್ಕಿ ಎಂಬ ತಂತ್ರಾಂಶವನ್ನು ಆಯ್ದುಕೊಂಡಿದ್ದೇನೆ. ಇಂಗ್ಲೆಂಡಿನ ಬೋಲ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಮತ್ತು ದಿ ಓಪನ್ ಗ್ರೂಪ್ ಸಂಸ್ಥೆ ನಿರ್ವಹಿಸುವ ಆರ್ಕಿಮೇಟ್ ಎಂಬ ಮಾದರಿ ಭಾಷೆಯನ್ನು ಬಳಸುತ್ತದೆ. ನೀವು ಬೇರೆ ಮಾದರಿ ತಂತ್ರಾಂಶವನ್ನು ಬಳಸುವವರಾದರೆ ಮೆನುಗಳೂ ಕಾಲಂಗಳೂ ಬೇರೆಯಾಗಬಹುದು. ಆದರೆ ಐಡಿ (ಪ್ರತಿ ಘಟಕಕ್ಕೂ ಸಂಬಂಧಕ್ಕೂ ಇರುವ ಗುರುತಿನ ಸಂಕೇತ), ದಿಕ್ಕು, ಮರು ಇಂಪೋರ್ಟ್ ಇವುಗಳ ಬಗ್ಗೆ ಮುಂದೆ ಹೇಳಿರುವ ಎಚ್ಚರಿಕೆಗಳು ಅಲ್ಲಿಯೂ ಬೇಕಾಗುತ್ತವೆ.

ಉದಾಹರಣೆಗೆ ಒಂದು ಪಟ್ಟಣ ಸಹಕಾರಿ ಬ್ಯಾಂಕನ್ನು ಕಲ್ಪಿಸಿಕೊಳ್ಳೋಣ. ಪಿಗ್ಮಿ ಸಂಗ್ರಹ, ಚಿನ್ನದ ಸಾಲದ ಮಂಜೂರಾತಿ, ಷೇರುದಾರರ ನೋಂದಣಿ ಇವು ಅದರ ಕೆಲಸಗಳು. ಕೋರ್ ಬ್ಯಾಂಕಿಂಗ್ ತಂತ್ರಾಂಶ, ಪಿಗ್ಮಿ ಏಜೆಂಟರ ಮೊಬೈಲ್ ಆ್ಯಪ್, ಎಸ್ಸೆಮ್ಮೆಸ್ ಕಳುಹಿಸುವ ವ್ಯವಸ್ಥೆ ಇವು ಅದರ ತಂತ್ರಾಂಶಗಳು. ಯಾವ ತಂತ್ರಾಂಶ ಯಾವ ಕೆಲಸಕ್ಕೆ ಒದಗುತ್ತದೆ ಎಂಬುದನ್ನು ಮಾದರಿಯಲ್ಲಿ ತೋರಿಸುವುದು ನಮ್ಮ ಗುರಿ.

ಮೊದಲು ಕೈಯಿಂದ ಎರಡು ಗೆರೆ

ಸ್ಪ್ರೆಡ್‌ಶೀಟ್ ತೆರೆಯುವ ಮುನ್ನ ಆರ್ಕಿಯಲ್ಲಿ ಹೊಸ ಮಾದರಿಯೊಂದನ್ನು ಮಾಡಿ, ಅದರಲ್ಲಿ ಎರಡು ಮೂರು ಘಟಕಗಳನ್ನಿಟ್ಟು, ನಿಮಗೆ ಬೇಕಾದ ಪ್ರತಿಯೊಂದು ಬಗೆಯ ಸಂಬಂಧವನ್ನೂ ಒಂದೊಂದು ಬಾರಿ ಕೈಯಿಂದಲೇ ಎಳೆಯಿರಿ. ಅನಂತರ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಅಡಿಯಲ್ಲಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಕಾಲಂಗಳನ್ನು ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಆಯ್ಕೆಯನ್ನು ಒತ್ತಿ ಆ ಪುಟ್ಟ ಮಾದರಿಯನ್ನು ಒಂದು ಫೋಲ್ಡರಿಗೆ ಕಳುಹಿಸಿ. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಉಳಿಸುವ ಹತ್ತು ನಿಮಿಷಗಳು ಇವೇ. ಏಕೆಂದರೆ ಕಾಲಂಗಳ ತಲೆಬರಹ ಹೇಗಿರಬೇಕು, ಸಂಬಂಧದ ಬಗೆಯ ಹೆಸರನ್ನು ಯಾವ ಕಾಗುಣಿತದಲ್ಲಿ, ಎಲ್ಲಿ ದೊಡ್ಡ ಅಕ್ಷರ ಎಲ್ಲಿ ಚಿಕ್ಕ ಅಕ್ಷರ ಹಾಕಿ ಬರೆಯಬೇಕು ಎಂಬುದನ್ನೆಲ್ಲ ಆ ತಂತ್ರಾಂಶವೇ ನಿಮಗೆ ಬರೆದುಕೊಡುತ್ತದೆ. ಅಲ್ಲಿಂದ ನಕಲು ಮಾಡಿ ಅಂಟಿಸಿದರೆ ಸಾಕು, ನೆನಪಿನಿಂದ ಟೈಪ್ ಮಾಡುವ ಗೋಜೇ ಬೇಡ.

ಎಕ್ಸ್‌ಪೋರ್ಟ್ ಆದ ಫೋಲ್ಡರಿನಲ್ಲಿ ಮೂರು ಫೈಲ್‌ಗಳಿರುತ್ತವೆ. ಎಲಿಮೆಂಟ್ಸ್ ಎಂಬ ಫೈಲಿನಲ್ಲಿ ಘಟಕಗಳು ಸಾಲಿಗೊಂದರಂತೆ ಇರುತ್ತವೆ: ಐಡಿ, ಬಗೆ, ಹೆಸರು, ವಿವರಣೆ. ರಿಲೇಶನ್ಸ್ ಎಂಬ ಫೈಲಿನಲ್ಲಿ ಸಂಬಂಧಗಳು ಇರುತ್ತವೆ: ಅವಕ್ಕೂ ಐಡಿ, ಬಗೆ, ಹೆಸರು, ವಿವರಣೆ ಇದ್ದು, ಜೊತೆಗೆ ಸೋರ್ಸ್ ಮತ್ತು ಟಾರ್ಗೆಟ್ ಎಂಬ ಎರಡು ಕಾಲಂಗಳಿರುತ್ತವೆ. ಪ್ರಾಪರ್ಟೀಸ್ ಎಂಬ ಮೂರನೆಯ ಫೈಲಿನಲ್ಲಿ ಯಾವ ಐಡಿಗೆ ಯಾವ ಗುಣ, ಅದರ ಮೌಲ್ಯವೇನು ಎಂಬ ಮೂರು ಕಾಲಂಗಳಿರುತ್ತವೆ. ಈಚಿನ ಆವೃತ್ತಿಗಳಲ್ಲಿ ಮೊದಲ ಎರಡು ಫೈಲ್‌ಗಳಿಗೆ ಸ್ಪೆಷಲೈಸೇಶನ್ ಎಂಬ ಇನ್ನೊಂದು ಕಾಲಂ ಸೇರಿಕೊಂಡಿದೆ. ನಿಮಗೆ ಅದು ಬೇಡವಾದರೆ ಖಾಲಿ ಬಿಡಬಹುದು. ಎಕ್ಸ್‌ಪೋರ್ಟ್ ಮಾಡುವಾಗ ಫೈಲ್ ಹೆಸರುಗಳ ಮುಂದೆ ನಿಮ್ಮದೇ ಒಂದು ಪೂರ್ವಪದ ಸೇರಿಸಲು ಅವಕಾಶವಿದೆ. ಸೇರಿಸಿದರೆ ಮೂರಕ್ಕೂ ಅದೇ ಪೂರ್ವಪದ ಇರಬೇಕು, ಏಕೆಂದರೆ ಇಂಪೋರ್ಟ್ ಮಾಡುವಾಗ ಆರ್ಕಿ ಜೊತೆಗಾರ ಫೈಲ್‌ಗಳನ್ನು ಹುಡುಕುವುದು ಹೆಸರಿನ ಹೊಂದಾಣಿಕೆಯಿಂದಲೇ.

ರಿಲೇಶನ್ಸ್ ಫೈಲನ್ನು ತೆರೆದು ಸೋರ್ಸ್ ಕಾಲಂ ನೋಡಿ. ಅಲ್ಲಿ ‘ಕೋರ್ ಬ್ಯಾಂಕಿಂಗ್’ ಎಂಬ ಹೆಸರು ಇರುವುದಿಲ್ಲ. ಉದ್ದನೆಯ, ಅರ್ಥವಿಲ್ಲದ ಒಂದು ಐಡಿ ಇರುತ್ತದೆ. ಇದನ್ನು ಗಮನವಿಟ್ಟು ನೋಡಬೇಕು. ತಂತ್ರಾಂಶದ ಪಾಲಿಗೆ ಸಂಬಂಧವೆಂದರೆ ಎರಡು ಐಡಿಗಳ ನಡುವಿನ ಗಂಟು, ಎರಡು ಹೆಸರುಗಳ ನಡುವಿನದಲ್ಲ. ನಮ್ಮ ಜನ ಶೀಟು ತುಂಬಿಸುವುದು ಹೆಸರುಗಳಿಂದ. ಹೆಸರುಗಳನ್ನು ಐಡಿಗಳಾಗಿ ತಪ್ಪಿಲ್ಲದೆ ಬದಲಿಸುವುದೇ ಈ ಕೆಲಸದ ಮುಕ್ಕಾಲು ಪಾಲು.

ಐಡಿಗಳನ್ನು ನೀವೇ ಕೊಡಿ

ಎಲಿಮೆಂಟ್ಸ್ ಫೈಲಿನಲ್ಲಿ ಐಡಿ ಕಾಲಂ ಖಾಲಿ ಬಿಟ್ಟರೆ ಆರ್ಕಿ ತಾನೇ ಒಂದು ಐಡಿ ಹುಟ್ಟಿಸಿಕೊಳ್ಳುತ್ತದೆ. ಬರಿಯ ಘಟಕಗಳನ್ನು ಸೇರಿಸುವುದಾದರೆ ಅದು ಅನುಕೂಲವೇ. ಆದರೆ ಸಂಬಂಧಗಳನ್ನೂ ಅದೇ ಸಲ ತರಬೇಕೆಂದರೆ ಘಟಕದ ಐಡಿ ಮೊದಲೇ ನಿಮ್ಮ ಕೈಯಲ್ಲಿರಬೇಕು, ಇಲ್ಲದಿದ್ದರೆ ಸೋರ್ಸ್ ಮತ್ತು ಟಾರ್ಗೆಟ್ ಕಾಲಂಗಳಲ್ಲಿ ಏನನ್ನು ಬರೆಯುವುದು? ಆದ್ದರಿಂದ ಓದಿದರೆ ಗೊತ್ತಾಗುವಂಥ ಚಿಕ್ಕ ಐಡಿಗಳನ್ನು ನೀವೇ ಕೊಡುವುದು ಒಳ್ಳೆಯದು: ತಂತ್ರಾಂಶಗಳಿಗೆ ಎಪಿಪಿ-003, ಕೆಲಸಗಳಿಗೆ ಬಿಪಿ-014 ಎಂಬಂತೆ. ಫೈಲಿನಲ್ಲಿ ಇವನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಬರೆಯಬೇಕು. ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಇವಿಷ್ಟನ್ನೇ ಬಳಸಿದರೆ ಯಾವ ತೊಂದರೆಯೂ ಬರುವುದಿಲ್ಲ. ಖಾಲಿ ಜಾಗವಾಗಲಿ ಕನ್ನಡ ಅಕ್ಷರವಾಗಲಿ ಐಡಿಯಲ್ಲಿ ಬೇಡ. ಐಡಿ ಅಂಕಿಯಿಂದ ಆರಂಭವಾಗದಂತೆಯೂ ನೋಡಿಕೊಳ್ಳಿ, ಏಕೆಂದರೆ ಮುಂದೊಂದು ದಿನ ಇದೇ ಮಾದರಿಯನ್ನು ಎಕ್ಸ್‌ಎಂಎಲ್ ರೂಪದ ವಿನಿಮಯ ಫೈಲಾಗಿ ಬೇರೆ ತಂತ್ರಾಂಶಕ್ಕೆ ಕಳುಹಿಸಬೇಕಾದಾಗ, ಅಂಕಿಯಿಂದ ಆರಂಭವಾಗುವ ಐಡಿಯನ್ನು ಆ ರೂಪ ಒಪ್ಪುವುದಿಲ್ಲ.

ಮಾದರಿಯಲ್ಲಿ ಘಟಕಗಳು ಈಗಾಗಲೇ ಇದ್ದರೆ ಹೊಸ ಐಡಿ ಕೊಡಲು ಹೋಗಬೇಡಿ. ಅವನ್ನು ಎಕ್ಸ್‌ಪೋರ್ಟ್ ಮಾಡಿ, ಇರುವ ಐಡಿಗಳನ್ನೇ ಬಳಸಿ. ಹೊಸ ಐಡಿ ಕೊಟ್ಟರೆ ಅದೇ ಹೆಸರಿನ ಇನ್ನೊಂದು ಘಟಕ ಹುಟ್ಟುತ್ತದೆ, ಮತ್ತು ನಿಮ್ಮ ಸಂಬಂಧಗಳೆಲ್ಲ ಯಾರೂ ಬಳಸದ ಆ ಎರಡನೆಯ ಪ್ರತಿಗೆ ಹೋಗಿ ಅಂಟಿಕೊಳ್ಳುತ್ತವೆ.

ಇಲ್ಲಿ ಎಕ್ಸೆಲ್ಲಿನ ಒಂದು ಸ್ವಭಾವದ ಬಗ್ಗೆ ಎಚ್ಚರವಿರಬೇಕು. ಮಾರುಕಟ್ಟೆ ವಿಭಾಗಕ್ಕೆಂದು ಇಂಗ್ಲಿಷಿನಲ್ಲಿ ಎಂ, ಎ, ಆರ್ ಎಂಬ ಮೂರು ಅಕ್ಷರ ಹಾಕಿ ಅಡ್ಡಗೆರೆಯ ನಂತರ 01 ಎಂದು ಬರೆದರೆ ಅದು ಮಾರ್ಚ್ ತಿಂಗಳ ಮೊದಲ ತಾರೀಕಾಗಿಬಿಡುತ್ತದೆ. 0045 ಎಂದು ಬರೆದರೆ ಮುಂದಿನ ಸೊನ್ನೆಗಳು ಉದುರಿ 45 ಉಳಿಯುತ್ತದೆ. ಈ ತಾರೀಕಿನ ಕಾಟದಿಂದಾಗಿಯೇ ಮನುಷ್ಯನ ವಂಶವಾಹಿಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಕೆಲವು ವಂಶವಾಹಿಗಳ ಸಂಕೇತಗಳನ್ನೇ ಬದಲಿಸಬೇಕಾಯಿತು ಎಂದರೆ ಇದು ಎಷ್ಟು ವ್ಯಾಪಕ ಸಮಸ್ಯೆ ಎಂದು ತಿಳಿಯುತ್ತದೆ. ಐಡಿ ಬರೆಯುವ ಕಾಲಂಗಳನ್ನು ಮೊದಲೇ ಟೆಕ್ಸ್ಟ್ ರೂಪಕ್ಕೆ ಬದಲಿಸಿ, ಅನಂತರ ಬರೆಯಲು ಆರಂಭಿಸಿ. ಬರೆದಾದ ಮೇಲೆ ರೂಪ ಬದಲಿಸಿದರೆ ಕಳೆದುಹೋದ ಸೊನ್ನೆ ಮರಳುವುದಿಲ್ಲ.

ಕೆಲಸದ ಶೀಟು

ಸಿಎಸ್‌ವಿ ಫೈಲ್‌ಗಳನ್ನೇ ನೇರವಾಗಿ ತಿದ್ದುವುದು ಬೇಡ. ಒಂದು ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕ್ ಫೈಲನ್ನು ಕೆಲಸದ ಪುಸ್ತಕವಾಗಿ ಇಟ್ಟುಕೊಂಡು, ಎಲ್ಲವೂ ಸರಿಯಾದ ಮೇಲೆ ಅದರಿಂದ ಸಿಎಸ್‌ವಿ ತೆಗೆಯಿರಿ. ಪುಸ್ತಕದಲ್ಲಿ ಮೂರು ಶೀಟುಗಳು ಸಾಕು. ಒಂದರಲ್ಲಿ ಘಟಕಗಳ ಪಟ್ಟಿ, ಇನ್ನೊಂದರಲ್ಲಿ ಜನರಿಂದ ಬಂದ ಮಾಹಿತಿ, ಮೂರನೆಯದರಲ್ಲಿ ಇಂಪೋರ್ಟಿಗೆ ಹೋಗುವ ಸಂಬಂಧಗಳು.

ಜನರಿಂದ ಮಾಹಿತಿ ಸಾಮಾನ್ಯವಾಗಿ ಚೌಕಳಿಯ ರೂಪದಲ್ಲಿ ಬರುತ್ತದೆ. ಎಡಗಡೆ ಕೆಲಸಗಳ ಹೆಸರು, ಮೇಲುಗಡೆ ತಂತ್ರಾಂಶಗಳ ಹೆಸರು, ಎರಡೂ ಕೂಡುವ ಸೆಲ್ಲಿನಲ್ಲಿ ಒಂದು ಗುರುತು. ಶಾಖಾ ವ್ಯವಸ್ಥಾಪಕರಿಗೆ ತುಂಬಲು ಇದೇ ಸುಲಭ, ಹಾಗಾಗಿ ಅವರಿಂದ ಇದೇ ರೂಪದಲ್ಲಿ ಪಡೆಯಿರಿ. ಅವರನ್ನು ಐಡಿಗಳ ಪಟ್ಟಿ ತುಂಬಿಸಲು ಕೂರಿಸಬೇಡಿ. ಆದರೆ ಇಂಪೋರ್ಟಿಗೆ ಬೇಕಾಗಿರುವುದು ಸಾಲಿಗೊಂದು ಸಂಬಂಧ. ಎಕ್ಸೆಲ್ಲಿನಲ್ಲಿ ಚೌಕಳಿಯನ್ನು ಟೇಬಲ್ ಆಗಿ ಮಾಡಿ, ಡೇಟಾ ಮೆನುವಿನಿಂದ ಪವರ್ ಕ್ವೆರಿಗೆ (ಮಾಹಿತಿಯ ರೂಪ ಬದಲಿಸಲು ಎಕ್ಸೆಲ್ಲಿನೊಳಗೇ ಇರುವ ಸಾಧನ) ಒಯ್ದು, ಎಡಗಡೆಯ ಕೆಲಸಗಳ ಕಾಲಂ ಆಯ್ದುಕೊಂಡು, ಟ್ರಾನ್ಸ್‌ಫಾರ್ಮ್ ಅಡಿಯಲ್ಲಿ ‘ಅನ್‌ಪಿವೋಟ್ ಅದರ್ ಕಾಲಮ್ಸ್’ ಒತ್ತಿದರೆ ಚೌಕಳಿ ಬಿಚ್ಚಿ ಮೂರು ಕಾಲಂಗಳ ಉದ್ದನೆಯ ಪಟ್ಟಿಯಾಗುತ್ತದೆ: ಕೆಲಸ, ತಂತ್ರಾಂಶ, ಗುರುತು. ನಿಜವಾಗಿಯೂ ಖಾಲಿ ಇರುವ ಸೆಲ್ಲುಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಯಾರಾದರೂ ‘ಇಲ್ಲ’ ಎಂದೋ ಬರಿಯ ಅಡ್ಡಗೆರೆಯೆಂದೋ ತುಂಬಿದ್ದರೆ ಆ ಸಾಲುಗಳು ಉಳಿದುಕೊಂಡಿರುತ್ತವೆ, ಅವನ್ನು ಫಿಲ್ಟರ್ ಮಾಡಿ ತೆಗೆಯಬೇಕು. ಇದನ್ನು ಮರೆತರೆ ‘ಇಲ್ಲ’ ಎಂದು ಸ್ಪಷ್ಟವಾಗಿ ಬರೆದವರ ಮಾತೇ ‘ಇದೆ’ ಎಂಬ ಸಂಬಂಧವಾಗಿ ಮಾದರಿ ಸೇರುತ್ತದೆ.

ಈ ಉದ್ದನೆಯ ಪಟ್ಟಿಯ ಪಕ್ಕದಲ್ಲಿ ಎಕ್ಸ್‌ಲುಕಪ್ ಸೂತ್ರದಿಂದ ಪ್ರತಿ ಹೆಸರಿನ ಐಡಿಯನ್ನು ಘಟಕಗಳ ಶೀಟಿನಿಂದ ತಂದುಕೊಳ್ಳಬೇಕು. ಹಳೆಯ ಎಕ್ಸೆಲ್ಲಿನಲ್ಲಿ ಎಕ್ಸ್‌ಲುಕಪ್ ಇಲ್ಲದಿದ್ದರೆ ವಿಲುಕಪ್ ಬಳಸಬಹುದು, ಆದರೆ ಅದರ ನಾಲ್ಕನೆಯ ಸ್ಥಾನದಲ್ಲಿ ಫಾಲ್ಸ್ ಎಂದು ಬರೆಯುವುದನ್ನು ಎಂದೂ ಬಿಡಬೇಡಿ. ಬಿಟ್ಟರೆ ಅದು ಹತ್ತಿರದ ಹೆಸರನ್ನು ಹುಡುಕಿ ಬೇರೆ ಯಾವುದೋ ಐಡಿಯನ್ನು ತಂದುಕೊಡುತ್ತದೆ, ಅದೂ ಯಾವ ದೋಷಸೂಚನೆಯಿಲ್ಲದೆ. ಐಡಿ ಸಿಗದೆ ದೋಷ ತೋರಿಸುವ ಸಾಲು ನಿಮ್ಮ ಹಿತೈಷಿ, ಅದನ್ನು ಇಫ್‌ಎರರ್ ಹಾಕಿ ಮುಚ್ಚಬೇಡಿ. ಅಂಥ ಸಾಲು ಒಂದೂ ಇಲ್ಲವಾಗುವ ತನಕ ಇಂಪೋರ್ಟಿನ ಮಾತೇ ಬೇಡ. ಹಾಗೆಯೇ ಘಟಕಗಳ ಶೀಟಿನಲ್ಲಿ ಒಂದೇ ಹೆಸರು ಎರಡು ಕಡೆ ಇದೆಯೇ ಎಂದು ಕೌಂಟ್‌ಇಫ್ ಮೂಲಕ ಎಣಿಸಿ ನೋಡಿ. ಇದ್ದರೆ ಲುಕಪ್ ಮೊದಲನೆಯದನ್ನು ಮಾತ್ರ ಹಿಡಿಯುತ್ತದೆ.

ಕಣ್ಣಿಗೆ ಕಾಣದ ಅಕ್ಷರ

ಹೆಸರುಗಳನ್ನು ಕನ್ನಡದಲ್ಲಿ ಇಟ್ಟುಕೊಂಡು ಕೆಲಸ ಮಾಡುವವರಿಗೆ ಒಂದು ಹೆಚ್ಚಿನ ತೊಡಕಿದೆ. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಇದನ್ನು ಹೇಳುವುದಿಲ್ಲವಾದ್ದರಿಂದ ನಾನು ಇಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ.

‘ಲೆಡ್ಜರ್’ ಎಂಬ ಪದವನ್ನು ಇಬ್ಬರು ಟೈಪ್ ಮಾಡಿದ್ದಾರೆ ಎಂದುಕೊಳ್ಳಿ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಲೆನ್ ಸೂತ್ರದಿಂದ ಉದ್ದ ಅಳೆದರೆ ಒಂದು 7 ಎನ್ನುತ್ತದೆ, ಇನ್ನೊಂದು 8 ಎನ್ನುತ್ತದೆ. ಎರಡನೆಯದರ ಕೊನೆಯ ‘ರ್’ ಎಂಬ ಅರ್ಧಾಕ್ಷರದ ನಂತರ ಅಗಲವೇ ಇಲ್ಲದ ಒಂದು ಅಕ್ಷರ ಕೂತಿದೆ. ಒತ್ತಕ್ಷರ ಕೂಡಿಕೊಳ್ಳದಂತೆ ತಡೆಯಲು ಯೂನಿಕೋಡ್ ಇಟ್ಟಿರುವ ಈ ಅಕ್ಷರವನ್ನು ಝಡ್‌ಡಬ್ಲ್ಯೂಎನ್‌ಜೆ ಎನ್ನುತ್ತಾರೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವೇ’ ಕೆಳಗೆ ಇಳಿದು ಒತ್ತಾಗದಿರಲು ಅದು ಬೇಕೇ ಬೇಕು. ಆದರೆ ಕೆಲವು ಕೀಲಿಮಣೆ ವಿನ್ಯಾಸಗಳಲ್ಲಿ ಪದದ ಕೊನೆಯ ಅರ್ಧಾಕ್ಷರದ ಬಳಿಯೂ ಅದು ಉಳಿದುಕೊಳ್ಳುತ್ತದೆ, ಬರೆದವರಿಗೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿನ ಪಾಲಿಗೆ ಈ ಎರಡು ‘ಲೆಡ್ಜರ್’ಗಳು ಬೇರೆ ಬೇರೆ.

ಇಂಥದೇ ಇನ್ನೊಂದು ಬಗೆ ‘ಕೊ’ ಅಕ್ಷರದಲ್ಲಿದೆ. ಅದರ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊ ಚಿಹ್ನೆಗಳ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಭೇದ ತಿಳಿಯುವುದಿಲ್ಲ. ಪಿಡಿಎಫ್‌ನಿಂದಲೋ ಹಳೆಯ ದಾಖಲೆಯನ್ನು ಯೂನಿಕೋಡಿಗೆ ಬದಲಿಸಿದ ಫೈಲಿನಿಂದಲೋ ಹೆಸರು ನಕಲು ಮಾಡಿದಾಗ ಇದು ನುಸುಳುತ್ತದೆ. ಮತ್ತೊಂದು, ಜಾಲಪುಟದಿಂದ ನಕಲು ಮಾಡಿದಾಗ ಬರುವ ಮುರಿಯದ ಖಾಲಿ ಜಾಗ. ಅದರ ಸಂಕೇತ ಸಂಖ್ಯೆ 160. ಟ್ರಿಮ್ ಸೂತ್ರ ಸಾಮಾನ್ಯ ಖಾಲಿ ಜಾಗವನ್ನು ಕತ್ತರಿಸುತ್ತದೆಯೇ ಹೊರತು ಇದನ್ನು ಮುಟ್ಟುವುದಿಲ್ಲ.

ಇದಕ್ಕೆ ನಾನು ಅನುಸರಿಸುವ ಪರಿಹಾರ ಹೀಗಿದೆ. ಘಟಕಗಳ ಶೀಟಿನಲ್ಲೂ ಮಾಹಿತಿಯ ಶೀಟಿನಲ್ಲೂ ಹೆಸರಿನ ಪಕ್ಕದಲ್ಲಿ ‘ಹೋಲಿಕೆಯ ಹೆಸರು’ ಎಂಬ ಒಂದು ಸಹಾಯಕ ಕಾಲಂ ಇಡಬೇಕು. ಅದರಲ್ಲಿ ಸಬ್‌ಸ್ಟಿಟ್ಯೂಟ್ ಸೂತ್ರದೊಳಗೆ ಯೂನಿಕ್ಯಾರ್ ಸೂತ್ರವನ್ನು ಝಡ್‌ಡಬ್ಲ್ಯೂಎನ್‌ಜೆಯ ಸಂಕೇತವಾದ 8204 ಎಂಬ ಸಂಖ್ಯೆಯೊಡನೆ ಬಳಸಿ ಆ ಕಾಣದ ಅಕ್ಷರವನ್ನು ಅಳಿಸಬೇಕು. ಅದೇ ರೀತಿ 160ನ್ನು ಸಾಮಾನ್ಯ ಖಾಲಿ ಜಾಗವಾಗಿ ಬದಲಿಸಿ, ಎಲ್ಲಕ್ಕೂ ಹೊರಗೆ ಟ್ರಿಮ್ ಹಾಕಬೇಕು. ಲುಕಪ್ ನಡೆಯಬೇಕಾದದ್ದು ಈ ಸಹಾಯಕ ಕಾಲಂಗಳ ನಡುವೆ. ಮಾದರಿಗೆ ಹೋಗುವ ಮೂಲ ಹೆಸರನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ‘ಸಾಫ್ಟ್‌ವೇರ್’ ಎಂಬಲ್ಲಿ ಅಕ್ಷರಗಳು ಒಂದರ ಕೆಳಗೊಂದು ಕೂಡಿಕೊಂಡು ಚಿತ್ರದಲ್ಲಿ ಓದಲು ಕಷ್ಟವಾಗುತ್ತದೆ. ಇದಾದ ಮೇಲೂ ಹೊಂದದ ಹೆಸರು ಉಳಿದರೆ ಲೆನ್ ಹಾಕಿ ಎರಡರ ಉದ್ದವನ್ನೂ ನೋಡಿ, ಬೇರೆಯಿದ್ದರೆ ಆ ಹೆಸರನ್ನು ಘಟಕಗಳ ಶೀಟಿನಿಂದ ನಕಲು ಮಾಡಿ ಅಂಟಿಸಿ. ಇವೆಲ್ಲಕ್ಕಿಂತ ಉತ್ತಮ ಉಪಾಯವೆಂದರೆ ಜನರಿಗೆ ಕಳುಹಿಸುವ ಶೀಟಿನಲ್ಲಿ ಹೆಸರು ಟೈಪ್ ಮಾಡುವ ಅವಕಾಶವನ್ನೇ ಕೊಡದೆ, ಡೇಟಾ ವ್ಯಾಲಿಡೇಶನ್ ಮೂಲಕ ಪಟ್ಟಿಯಿಂದ ಆಯ್ದುಕೊಳ್ಳುವಂತೆ ಮಾಡುವುದು.

ದಿಕ್ಕು ತಪ್ಪಿದರೆ ಅರ್ಥ ತಪ್ಪುತ್ತದೆ

ಆರ್ಕಿಮೇಟ್ ಭಾಷೆಯ ಮೂರನೆಯ ಪೀಳಿಗೆಯಲ್ಲಿ 11 ಬಗೆಯ ಸಂಬಂಧಗಳಿವೆ. ಬಹುತೇಕ ಎಲ್ಲವಕ್ಕೂ ಸೋರ್ಸ್ ಯಾವುದು, ಟಾರ್ಗೆಟ್ ಯಾವುದು ಎಂಬುದು ನಿಶ್ಚಿತ. ಶೀಟಿನಲ್ಲಿ ತುಂಬುವಾಗ ಹೆಚ್ಚು ಜನ ಎಡವುವುದು ಸರ್ವಿಂಗ್ ಎಂಬ ಸಂಬಂಧದಲ್ಲಿ. ಶಾಖೆಯವರು ‘ಪಿಗ್ಮಿ ಸಂಗ್ರಹದ ಕೆಲಸ ಮೊಬೈಲ್ ಆ್ಯಪನ್ನು ಬಳಸುತ್ತದೆ’ ಎಂದು ಹೇಳುತ್ತಾರೆ. ಆ ವಾಕ್ಯದ ಕ್ರಮದಲ್ಲೇ ತುಂಬಿದರೆ ಕೆಲಸ ಸೋರ್ಸ್ ಆಗಿ, ಆ್ಯಪ್ ಟಾರ್ಗೆಟ್ ಆಗಿಬಿಡುತ್ತದೆ. ಆದರೆ ಸರ್ವಿಂಗ್ ಎಂದರೆ ಒದಗುವುದು. ಒದಗುವ ಆ್ಯಪ್ ಸೋರ್ಸ್, ಒದಗಿಸಿಕೊಳ್ಳುವ ಕೆಲಸ ಟಾರ್ಗೆಟ್. 2016ರಲ್ಲಿ ಬಂದ 3.0 ಆವೃತ್ತಿಗಿಂತ ಮೊದಲು ಇದೇ ಸಂಬಂಧಕ್ಕೆ ‘ಯೂಸ್ಡ್ ಬೈ’ ಎಂಬ ಹೆಸರಿತ್ತು. ‘ಆ್ಯಪ್ ಕೆಲಸದಿಂದ ಬಳಸಲ್ಪಡುತ್ತದೆ’ ಎಂದು ಓದಿಕೊಂಡರೆ ದಿಕ್ಕು ಇಂದಿಗೂ ಸರಿಯಾಗಿ ನೆನಪುಳಿಯುತ್ತದೆ.

ಆಕ್ಸೆಸ್ ಸಂಬಂಧದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಕೆಲಸ ಒಂದು ದಾಖಲೆಯನ್ನು ಓದುವಾಗ ಚಿತ್ರದಲ್ಲಿ ಬಾಣದ ತುದಿ ಕೆಲಸದ ಕಡೆಗೆ ತಿರುಗಿರುತ್ತದೆ, ಆದರೂ ಸೋರ್ಸ್ ಕೆಲಸವೇ, ಟಾರ್ಗೆಟ್ ದಾಖಲೆಯೇ. ಓದುವುದೋ ಬರೆಯುವುದೋ ಎಂಬುದು ರಿಲೇಶನ್ಸ್ ಫೈಲಿನಲ್ಲಿ ಬರುವುದಿಲ್ಲ; ಪ್ರಾಪರ್ಟೀಸ್ ಫೈಲಿನಲ್ಲಿ ಆ ಸಂಬಂಧದ ಐಡಿಯ ಎದುರು ಬರುತ್ತದೆ. ಅದರ ಕಾಗುಣಿತವನ್ನೂ ನಿಮ್ಮ ಪುಟ್ಟ ಮಾದರಿಯ ಎಕ್ಸ್‌ಪೋರ್ಟಿನಿಂದಲೇ ತೆಗೆದುಕೊಳ್ಳಿ. ಉಳಿದವುಗಳಲ್ಲಿ ಕಾಂಪೊಸಿಷನ್ ಮತ್ತು ಅಗ್ರಿಗೇಶನ್‌ಗಳಿಗೆ ಇಡೀ ವಸ್ತು ಸೋರ್ಸ್, ಅದರ ಭಾಗ ಟಾರ್ಗೆಟ್; ರಿಯಲೈಸೇಶನ್‌ಗೆ ಸಾಕಾರಗೊಳಿಸುವುದು ಸೋರ್ಸ್; ಸ್ಪೆಷಲೈಸೇಶನ್‌ಗೆ ವಿಶೇಷವಾದದ್ದು ಸೋರ್ಸ್, ಸಾಮಾನ್ಯವಾದದ್ದು ಟಾರ್ಗೆಟ್; ಫ್ಲೋಗೆ ಕೊಡುವವರು ಸೋರ್ಸ್.

ಯಾವ ಎರಡು ಘಟಕಗಳ ನಡುವೆ ಯಾವ ಸಂಬಂಧ ಸಲ್ಲುತ್ತದೆ ಎಂಬುದಕ್ಕೆ ಭಾಷೆಯಲ್ಲೇ ನಿಯಮವಿದೆ. ನಿಯಮಕ್ಕೆ ಹೊಂದದ ಸಾಲಿದ್ದರೆ ಇಂಪೋರ್ಟ್ ಅಲ್ಲಿಗೇ ನಿಲ್ಲುತ್ತದೆ. ಸಂಶಯವಿದ್ದಲ್ಲಿ ಆರ್ಕಿಯ ಮ್ಯಾಜಿಕ್ ಕನೆಕ್ಟರ್ ಹಿಡಿದು ಆ ಎರಡು ಬಗೆಯ ಘಟಕಗಳ ನಡುವೆ ಎಳೆದು ನೋಡಿ. ಸಲ್ಲುವ ಸಂಬಂಧಗಳನ್ನು ಮಾತ್ರ ಅದು ಪಟ್ಟಿ ಮಾಡಿ ತೋರಿಸುತ್ತದೆ. ಆದರೆ ದಿಕ್ಕು ತಿರುಗುಮುರುಗಾದ ಸಾಲೂ ಎಷ್ಟೋ ಸಲ ನಿಯಮಕ್ಕೆ ಹೊಂದಿಬಿಡುತ್ತದೆ. ಎರಡು ತಂತ್ರಾಂಶಗಳ ನಡುವಿನ ಸರ್ವಿಂಗ್ ಯಾವ ಕಡೆಗಿದ್ದರೂ ಆರ್ಕಿ ಒಪ್ಪುತ್ತದೆ. ಯಾವುದು ನಿಜ ಎಂಬುದು ಅದಕ್ಕೆ ತಿಳಿಯುವ ವಿಷಯವಲ್ಲ. ಅಂಥ ಸಾಲುಗಳನ್ನು ಬಲ್ಲವರ ಎದುರು ಗಟ್ಟಿಯಾಗಿ ಓದಿ: ‘ಎಸ್ಸೆಮ್ಮೆಸ್ ವ್ಯವಸ್ಥೆ ಕೋರ್ ಬ್ಯಾಂಕಿಂಗಿಗೆ ಒದಗುತ್ತದೆ.’ ತಿರುಗುಮುರುಗಾಗಿದ್ದರೆ ಕೇಳಿದವರು ಕೂಡಲೇ ತಡೆಯುತ್ತಾರೆ.

ಸಂಬಂಧಕ್ಕೂ ಒಂದು ಐಡಿ

ರಿಲೇಶನ್ಸ್ ಫೈಲಿನ ಐಡಿ ಕಾಲಮ್ಮನ್ನು ಖಾಲಿ ಬಿಡಬಹುದು, ಆರ್ಕಿ ತಾನೇ ತುಂಬಿಕೊಳ್ಳುತ್ತದೆ. ಹಲವರು ಹಾಗೆಯೇ ಮಾಡುತ್ತಾರೆ. ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಒಂದು ಕಡೆ ಸುಮಾರು ಇನ್ನೂರು ಸಂಬಂಧಗಳನ್ನು ತಂದ ಮೇಲೆ ಹತ್ತು ಸಾಲು ತಪ್ಪಿರುವುದು ಕಂಡಿತು. ಶೀಟಿನಲ್ಲಿ ತಿದ್ದಿ ಇಡೀ ಫೈಲನ್ನು ಮತ್ತೆ ಇಂಪೋರ್ಟ್ ಮಾಡಿದೆ. ಐಡಿ ಇಲ್ಲದ್ದರಿಂದ ಆರ್ಕಿ ಎಲ್ಲವನ್ನೂ ಹೊಸವೆಂದೇ ತಿಳಿಯಿತು. ಪ್ರತಿ ಜೋಡಿಯ ನಡುವೆ ಎರಡೆರಡು ಗೆರೆಗಳಾದವು, ಮತ್ತು ಅದು ಗೊತ್ತಾಗುವ ಹೊತ್ತಿಗೆ ಆ ಗೆರೆಗಳನ್ನು ಬಳಸಿ ಬೇರೆಯವರು ಹಲವು ಚಿತ್ರಗಳನ್ನು ಮಾಡಿಯಾಗಿತ್ತು. ಯಾವ ಪ್ರತಿಯನ್ನು ಅಳಿಸುವುದು ಎಂದು ಒಂದೊಂದಾಗಿ ನೋಡಿ ಸರಿಪಡಿಸಲು ಎರಡು ದಿನ ಹಿಡಿಯಿತು. ಅಂದಿನಿಂದ ನಾನು ಐಡಿಯಿಲ್ಲದ ಸಂಬಂಧವನ್ನು ಇಂಪೋರ್ಟ್ ಮಾಡಿಲ್ಲ.

ಸಂಬಂಧದ ಐಡಿಯನ್ನು ಸೋರ್ಸ್ ಐಡಿ, ಬಗೆಯ ಕಿರುಸಂಕೇತ, ಟಾರ್ಗೆಟ್ ಐಡಿ ಮೂರನ್ನೂ ಅಡಿಗೆರೆಯಿಂದ ಜೋಡಿಸಿ ಸೂತ್ರದಿಂದಲೇ ಕಟ್ಟಬಹುದು. ಮೊಬೈಲ್ ಆ್ಯಪ್ ಎಪಿಪಿ-003 ಆಗಿ, ಪಿಗ್ಮಿ ಸಂಗ್ರಹ ಬಿಪಿ-014 ಆಗಿ, ಸರ್ವಿಂಗ್‌ಗೆ ಎಸ್‌ವಿ ಎಂಬ ಸಂಕೇತವಿದ್ದರೆ ಆ ಸಂಬಂಧದ ಐಡಿ ‘ಎಪಿಪಿ-003_ಎಸ್‌ವಿ_ಬಿಪಿ-014’ ಎಂದಾಗುತ್ತದೆ. ಇದರಿಂದ ಎರಡು ಲಾಭಗಳಿವೆ. ಅದೇ ಸಾಲನ್ನು ಮತ್ತೆ ಇಂಪೋರ್ಟ್ ಮಾಡಿದಾಗ ಆರ್ಕಿ ಆ ಐಡಿಯನ್ನು ಗುರುತಿಸಿ ಹೆಸರು, ವಿವರಣೆಗಳನ್ನು ಮಾತ್ರ ಹೊಸದಾಗಿಸುತ್ತದೆ, ಎರಡನೆಯ ಗೆರೆ ಹುಟ್ಟುವುದಿಲ್ಲ. ಇಬ್ಬರು ಶಾಖಾ ವ್ಯವಸ್ಥಾಪಕರು ಒಂದೇ ಸಂಬಂಧವನ್ನು ತುಂಬಿದ್ದರೆ ಶೀಟಿನಲ್ಲೇ ಒಂದೇ ಐಡಿ ಎರಡು ಬಾರಿ ಕಂಡು, ರಿಮೂವ್ ಡ್ಯೂಪ್ಲಿಕೇಟ್ಸ್ ಒತ್ತಿ ಒಂದನ್ನು ತೆಗೆಯಬಹುದು. ಘಟಕದ ಬಗೆಯನ್ನಾಗಲಿ ಸಂಬಂಧದ ಬಗೆಯನ್ನಾಗಲಿ ಬದಲಿಸಬೇಕಾದರೆ ಹಳೆಯ ಐಡಿಯನ್ನೇ ಇಟ್ಟು ಬಗೆ ಮಾತ್ರ ತಿದ್ದಲು ಆಗುವುದಿಲ್ಲ, ಇಂಪೋರ್ಟ್ ಅದನ್ನು ದೋಷವೆಂದು ತಿರಸ್ಕರಿಸುತ್ತದೆ. ಹೊಸ ಐಡಿಯೊಂದಿಗೆ ಹೊಸದನ್ನು ತಂದು ಹಳೆಯದನ್ನು ಮಾದರಿಯಲ್ಲಿ ಅಳಿಸಬೇಕು.

ಶೀಟಿನಿಂದ ಒಂದು ಸಾಲನ್ನು ತೆಗೆದರೆ ಮಾದರಿಯಲ್ಲಿ ಆ ಸಂಬಂಧ ಅಳಿಯುವುದಿಲ್ಲ. ಇಂಪೋರ್ಟ್ ಸೇರಿಸುತ್ತದೆ ಮತ್ತು ತಿದ್ದುತ್ತದೆ, ಅಳಿಸುವುದು ಅದರ ಕೆಲಸವಲ್ಲ. ಅಳಿಸಬೇಕಾದವುಗಳ ಪಟ್ಟಿಯನ್ನು ಬೇರೆ ಇಟ್ಟುಕೊಂಡು ಕೈಯಿಂದಲೇ ಅಳಿಸಿ.

ಉಳಿಸುವುದು ಮತ್ತು ಒಳಗೆ ತರುವುದು

ಎಕ್ಸೆಲ್ಲಿನಲ್ಲಿ ಸಿಎಸ್‌ವಿಯಾಗಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ರೂಪವನ್ನೇ ಆಯ್ದುಕೊಳ್ಳಬೇಕು. ಬರಿಯ ಸಿಎಸ್‌ವಿ ಎಂದಿರುವುದನ್ನು ಆಯ್ದುಕೊಂಡರೆ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ, ಮತ್ತೆ ಹಿಂದಿರುಗಿ ಬರುವುದಿಲ್ಲ. ಆರ್ಕಿಯಿಂದ ಬಂದ ಸಿಎಸ್‌ವಿಯನ್ನು ಎಕ್ಸೆಲ್ಲಿನಲ್ಲಿ ನೋಡಬೇಕಾದಾಗಲೂ ಡಬಲ್ ಕ್ಲಿಕ್ ಮಾಡಿ ತೆರೆಯದೆ, ಡೇಟಾ ಮೆನುವಿನ ಟೆಕ್ಸ್ಟ್/ಸಿಎಸ್‌ವಿ ಆಯ್ಕೆಯಿಂದ, ಫೈಲಿನ ಮೂಲ 65001 ಯುನಿಕೋಡ್ ಯುಟಿಎಫ್-8 ಎಂದು ಸೂಚಿಸಿ, ಡೇಟಾ ಬಗೆಯನ್ನು ತಾನಾಗಿ ಊಹಿಸದಂತೆ ಹೇಳಿ ತೆರೆಯಿರಿ. ಲಿಬ್ರೆ ಆಫೀಸ್ ಕ್ಯಾಲ್ಕ್ ಸಿಎಸ್‌ವಿ ತೆರೆಯುವಾಗಲೇ ಇವನ್ನೆಲ್ಲ ಕೇಳುತ್ತದೆ. ಕನ್ನಡದ ಫೈಲ್‌ಗಳಿಗೆ ನಾನು ಅದನ್ನೇ ಮೆಚ್ಚುತ್ತೇನೆ.

ಹೊಸ ಘಟಕಗಳಿಲ್ಲದೆ ಬರಿಯ ಸಂಬಂಧಗಳನ್ನು ತರುವುದಾದರೂ ಫೋಲ್ಡರಿನಲ್ಲಿ ಎಲಿಮೆಂಟ್ಸ್ ಫೈಲ್ ಇಟ್ಟುಕೊಳ್ಳಿ. ಆದರೆ ಅದು ಅದೇ ದಿನ ಎಕ್ಸ್‌ಪೋರ್ಟ್ ಮಾಡಿದ್ದಾಗಿರಲಿ. ಹಿಂದಿನ ತಿಂಗಳ ಎಲಿಮೆಂಟ್ಸ್ ಫೈಲ್ ಇಟ್ಟರೆ, ಆ ನಡುವೆ ಸಹೋದ್ಯೋಗಿಗಳು ಮಾದರಿಯಲ್ಲಿ ತಿದ್ದಿದ ಹೆಸರುಗಳೂ ವಿವರಣೆಗಳೂ ಹಳೆಯದಕ್ಕೆ ಮರಳಿಬಿಡುತ್ತವೆ.

ಮಾದರಿಯ ಫೈಲನ್ನು ಮೊದಲು ಇನ್ನೊಂದು ಹೆಸರಿನಲ್ಲಿ ನಕಲು ಮಾಡಿ, ಆ ನಕಲಿನ ಮೇಲೆ ಐದಾರು ಸಾಲುಗಳ ರಿಲೇಶನ್ಸ್ ಫೈಲಿನಿಂದ ಪ್ರಯೋಗ ಮಾಡಿ ನೋಡಿ. ಮಾದರಿಯ ಮರದಲ್ಲಿ (ಮಾದರಿಯೊಳಗಿನ ಎಲ್ಲವನ್ನೂ ಫೋಲ್ಡರುಗಳಾಗಿ ತೋರಿಸುವ ಕಿಟಕಿ) ಮಾದರಿಯನ್ನು ಆಯ್ದುಕೊಂಡು, ಫೈಲ್ ಮೆನುವಿನ ಇಂಪೋರ್ಟ್ ಅಡಿಯಲ್ಲಿ ಸಿಎಸ್‌ವಿ ಆಯ್ಕೆ ಒತ್ತಿ, ಎಲಿಮೆಂಟ್ಸ್ ಫೈಲನ್ನು ತೋರಿಸಿದರೆ ಉಳಿದ ಎರಡು ಫೈಲ್‌ಗಳನ್ನು ಅದೇ ಫೋಲ್ಡರಿನಿಂದ ಆರ್ಕಿ ತಾನೇ ಎತ್ತಿಕೊಳ್ಳುತ್ತದೆ. ಯಾವುದಾದರೂ ಸಾಲಿನಲ್ಲಿ ದೋಷವಿದ್ದರೆ ಸಂದೇಶ ತೋರಿಸಿ ನಿಲ್ಲುತ್ತದೆ, ಮಾದರಿ ಮೊದಲಿದ್ದ ಹಾಗೆಯೇ ಇರುತ್ತದೆ. ಅರ್ಧ ಸೇರಿ ಅರ್ಧ ಬಿಟ್ಟುಹೋಗುವ ಭಯವಿಲ್ಲ. ಸಾಮಾನ್ಯವಾಗಿ ಸಿಗುವ ದೋಷಗಳು ಮೂರು: ಸೋರ್ಸ್ ಅಥವಾ ಟಾರ್ಗೆಟ್ ಐಡಿ ಮಾದರಿಯಲ್ಲಿಲ್ಲ, ಬಗೆಯ ಹೆಸರಿನ ಕಾಗುಣಿತ ತಪ್ಪಿದೆ, ಅಥವಾ ಆ ಜೋಡಿಗೆ ಆ ಸಂಬಂಧ ಸಲ್ಲುವುದಿಲ್ಲ. ಇಂಪೋರ್ಟ್ ಆದ ಮೇಲೆ ಬೇಡವೆನಿಸಿದರೆ ಅನ್‌ಡೂ ಒಂದರಿಂದಲೇ ಇಡೀ ಇಂಪೋರ್ಟನ್ನು ಹಿಂದೆಗೆದುಕೊಳ್ಳಬಹುದು.

ತಂದ ಮೇಲೆ

ಇಂಪೋರ್ಟ್ ಮುಗಿದ ಕೂಡಲೇ ಚಿತ್ರಗಳಲ್ಲಿ ಏನೂ ಬದಲಾಗಿರುವುದಿಲ್ಲ. ಹೊಸಬರು ಇಲ್ಲಿ ಕೆಲಸ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಸಂಬಂಧಗಳು ಮಾದರಿಯ ಮರದಲ್ಲಿ ರಿಲೇಶನ್ಸ್ ಫೋಲ್ಡರಿನೊಳಗೆ ಸೇರಿರುತ್ತವೆ. ಅವನ್ನು ಚಿತ್ರದಲ್ಲಿ ತೋರಿಸುವುದು ಬೇರೆಯೇ ಹೆಜ್ಜೆ. ಮರದಿಂದ ಸಂಬಂಧಪಟ್ಟ ಘಟಕಗಳನ್ನು ಒಟ್ಟಾಗಿ ಆಯ್ದು ಖಾಲಿ ಚಿತ್ರದ ಮೇಲೆ ಎಳೆದು ಬಿಟ್ಟರೆ ಅವುಗಳ ನಡುವಿನ ಗೆರೆಗಳೂ ಜೊತೆಯಲ್ಲೇ ಬರುತ್ತವೆ. ಒಂದೇ ಘಟಕದ ಸುತ್ತ ಏನೇನಿದೆ ಎಂದು ನೋಡಬೇಕಾದರೆ ಆ ಘಟಕದ ಮೇಲೆ ಬಲ ಕ್ಲಿಕ್ ಮಾಡಿ ‘ಜನರೇಟ್ ವ್ಯೂ ಫಾರ್’ ಆಯ್ಕೆಯನ್ನು ಒತ್ತಬಹುದು. ಚಿತ್ರ ಮಾಡದೆಯೇ ಬರಿಯ ಕಣ್ಣಾಡಿಸಲು ವಿಶುವಲೈಸರ್ ಕಿಟಕಿ ಸಾಕು. ಮುನ್ನೂರು ಸಂಬಂಧಗಳನ್ನೂ ಒಂದೇ ಚಿತ್ರದಲ್ಲಿ ತುರುಕುವ ಆಸೆ ಬೇಡ. ಅದನ್ನು ಯಾರೂ ಓದಲಾರರು.

ಎಣಿಕೆಯನ್ನು ತಪ್ಪದೆ ಮಾಡಿ. ಇಂಪೋರ್ಟಿಗೆ ಮೊದಲು ಎಷ್ಟು ಸಂಬಂಧಗಳಿದ್ದವು, ಶೀಟಿನಲ್ಲಿ ಹೊಸವು ಎಷ್ಟು, ಈಗ ಎಷ್ಟಿವೆ ಎಂಬ ಮೂರು ಸಂಖ್ಯೆಗಳು ಕೂಡಿಬರಬೇಕು. ಮತ್ತೆ ಎಕ್ಸ್‌ಪೋರ್ಟ್ ಮಾಡಿ ರಿಲೇಶನ್ಸ್ ಫೈಲಿನ ಸಾಲುಗಳನ್ನು ಎಣಿಸಿದರೆ ಇದು ತಿಳಿಯುತ್ತದೆ. ಟೂಲ್ಸ್ ಮೆನುವಿನಲ್ಲಿರುವ ವ್ಯಾಲಿಡೇಟ್ ಮಾಡೆಲ್ ಒತ್ತಿದರೆ ನಿಯಮ ಮೀರಿದ ಸಂಬಂಧಗಳು, ಒಂದೇ ಹೆಸರಿನ ಎರಡು ಘಟಕಗಳಿರುವ ಸಂಶಯ, ಯಾವ ಚಿತ್ರದಲ್ಲೂ ಬಳಸದ ಸಂಬಂಧಗಳು ಎಲ್ಲವೂ ಪಟ್ಟಿಯಾಗಿ ಕಾಣುತ್ತವೆ. ಹೊಸದಾಗಿ ತಂದವು ಇನ್ನೂ ಚಿತ್ರ ಸೇರಿಲ್ಲವಾದ್ದರಿಂದ ಬಳಸದವುಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಅದನ್ನು ಕಂಡು ಚಿಂತಿಸಬೇಕಾಗಿಲ್ಲ, ಆದರೆ ಒಂದೇ ಹೆಸರಿನ ಎರಡು ಘಟಕಗಳು ಕಂಡರೆ ಐಡಿಯಲ್ಲಿ ಏನೋ ತಪ್ಪಿದೆ ಎಂದೇ ಅರ್ಥ.

ಕೊನೆಯದಾಗಿ, ಇಂಪೋರ್ಟ್ ಮಾಡಿದ ಮೂರೂ ಫೈಲ್‌ಗಳನ್ನು ದಿನಾಂಕದ ಹೆಸರಿನ ಫೋಲ್ಡರಿನಲ್ಲಿ ಎತ್ತಿಡಿ, ಕೆಲಸದ ಪುಸ್ತಕದ ಆ ದಿನದ ಪ್ರತಿಯನ್ನೂ ಅಲ್ಲೇ ಇಡಿ. ಆರು ತಿಂಗಳ ನಂತರ ‘ಈ ಗೆರೆ ಎಲ್ಲಿಂದ ಬಂತು’ ಎಂದು ಯಾರಾದರೂ ಕೇಳಿದಾಗ, ಯಾವ ಶಾಖೆಯ ಯಾವ ಸೆಲ್ಲಿನಿಂದ ಬಂತು ಎಂದು ಐಡಿ ಹಿಡಿದು ತೋರಿಸಬಹುದು. ಮುಂದಿನ ಸುತ್ತಿನ ಕೆಲಸವನ್ನು ಆ ಹಳೆಯ ಪುಸ್ತಕದಿಂದ ಆರಂಭಿಸಬೇಡಿ. ಆ ದಿನ ಮಾದರಿಯಿಂದ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿದ ಘಟಕಗಳ ಪಟ್ಟಿಯಿಂದಲೇ ಆರಂಭಿಸಿ.